ಆರ್ಥರ್ ಬದುಕಿದ್ದಿದ್ರೆ? ವೂಸ್ಟರ್ ಕೆಥೆಡ್ರಲ್‌ನಲ್ಲಿ ಎರಡು ಸಮಾಧಿ

ಹಾಂ, ರೆಕಾರ್ಡ್ ಆಗ್ತಿದೆ. ಈ ಕಡೆ ಸೆವರ್ನ್ ನದಿ, ಆ ಕಡೆ ಇಂಗ್ಲೆಂಡಿನ ವೂಸ್ಟರ್ ಕೆಥೆಡ್ರಲ್, ಅಂದ್ರೆ ಬಿಷಪ್ ಪೀಠ ಇರೋ ದೊಡ್ಡ ಚರ್ಚ್. ಇಷ್ಟು ದೊಡ್ಡ ಕಟ್ಟಡದಲ್ಲಿ ನನಗೆ ಬೇಕಾಗಿರೋದು ಎರಡೇ ಸಮಾಧಿ. ಒಂದು ರಾಜಂದು, ಇನ್ನೊಂದು ರಾಜ ಆಗ್ಬೇಕಿದ್ದ ಹುಡುಗಂದು. ಹುಡುಗನ ಹೆಸರು ಆರ್ಥರ್ ಟ್ಯೂಡರ್, ಎಂಟನೇ ಹೆನ್ರಿಯ ಅಣ್ಣ. ಇವನು ಬದುಕಿದ್ದಿದ್ರೆ ಆ ಹೆನ್ರಿ ಬರೀ ತಮ್ಮನಾಗೇ ಉಳೀತಿದ್ದ.

ಅದಕ್ಕೆ ಮುಂಚೆ ಪಾರ್ಕಿಂಗ್ ವಿಷಯ ಹೇಳ್ಬಿಡ್ತೀನಿ, ಇಲ್ದಿದ್ರೆ ವಿಡಿಯೋ ಪೂರ್ತಿ ಗೊಣಗ್ತಾನೇ ಇರ್ತೀನಿ. ಮೆಷಿನ್ ಇದೆ. ನಾಣ್ಯ ಹಾಕೋ ತೂತೂ ಇದೆ, ಮೇಲೆ ಟೇಪ್ ಅಂಟಿಸಿದ್ದಾರೆ. ಕಾರ್ಡ್ ತೋರಿಸಿದ್ರೆ ಆ್ಯಪ್ ಬಳಸಿ ಅನ್ನುತ್ತೆ. ನೆಟ್‌ವರ್ಕ್ ಒಂದೇ ಕಡ್ಡಿ, ಸುರಿಯೋ ಮಳೆ, ಒದ್ದೆ ಬೆರಳಿಗೆ ಸ್ಕ್ರೀನ್ ಮಾತೇ ಕೇಳಲ್ಲ. ಕಾರ್ ನಂಬರ್ ಕೇಳ್ತು, ಕೊಟ್ಟೆ. ಬಣ್ಣ ಕೇಳ್ತು. ನನ್ನ ಕಾರಿನ ಬಣ್ಣ ಕಟ್ಕೊಂಡು ಇವರಿಗೇನಾಗ್ಬೇಕು? ಕೊನೆಗೆ ಒಂಬತ್ತು ಪೌಂಡು, ಅದರ ಮೇಲೆ ಅನುಕೂಲ ಶುಲ್ಕ ಅಂತ ಇಪ್ಪತ್ತು ಪೆನ್ಸ್. ಯಾರ ಅನುಕೂಲ ಸ್ವಾಮಿ? ಸಮಯ ಮುಗೀತು ಅಂತ ನೆನಪಿಸೋ ಮೆಸೇಜ್‌ಗೆ ಇನ್ನೂ ಹತ್ತು ಪೆನ್ಸ್ ಅಂತೆ. ಬೇಡ ಅಂತ ಒತ್ತಿದೆ, ನೋಡೇ ಬಿಡೋಣ.

ಸರಿ, ಒಳಗೆ ಬಂದ್ವಿ. ಇದೇ ಆರ್ಥರ್‌ನ ಚ್ಯಾಂಟ್ರಿ. ಅವನ ಆತ್ಮಕ್ಕೆ ಪ್ರಾರ್ಥನೆ ಸಲ್ಲಿಸ್ತಾ ಇರಲಿ ಅಂತ 1504ರಲ್ಲಿ ಕಟ್ಟಿಸಿದ ಕಲ್ಲಿನ ಗುಡಿ. ಹತ್ತಿರ ತೋರಿಸ್ತೀನಿ ಇರಿ. ಇದು ಟ್ಯೂಡರ್ ಗುಲಾಬಿ. ಪಕ್ಕದಲ್ಲಿ ದಾಳಿಂಬೆ ಕಾಣ್ತಿದ್ಯಾ? ಅದು ಹೆಂಡತಿ ಕ್ಯಾಥರೀನ್‌ದು, ಸ್ಪೇನಿನ ರಾಜಕುಮಾರಿ. 1501ರ ನವೆಂಬರಲ್ಲಿ ಮದುವೆ, 1502ರ ಏಪ್ರಿಲ್ 2ಕ್ಕೆ ಲಡ್ಲೋ ಕೋಟೆಯಲ್ಲಿ ಹುಡುಗ ಹೋಗ್ಬಿಟ್ಟ. ಹದಿನೈದು ವರ್ಷ ಅಷ್ಟೆ. ಅಲ್ಲಿಂದ ಹೆಣ ತರುವಾಗ ಎಂಥಾ ಗಾಳಿಮಳೆ ಅಂದ್ರೆ, ಬ್ಯೂಡ್ಲಿ ದಾರಿಯ ಕೆಸರಲ್ಲಿ ಕುದುರೆ ಸಾಲದೆ ಎತ್ತು ಕಟ್ಟಿ ಎಳೆಸಿದ್ರಂತೆ. ಇಲ್ಲಿನ ಮಳೆಗೆ ರಾಜಮನೆತನ ಅಂತೆಲ್ಲ ಲೆಕ್ಕವಿಲ್ಲ.

ಆಮೇಲಿಂದು ನಿಮಗೆ ಗೊತ್ತಿರುತ್ತೆ. ಹೆನ್ರಿ ತನ್ನ ಅಣ್ಣನ ವಿಧವೆಯನ್ನ ಮದುವೆಯಾಗೋಕೆ ಪೋಪ್ ಎರಡನೇ ಜೂಲಿಯಸ್ ವಿಶೇಷ ಅನುಮತಿ ಕೊಟ್ಟ. 1509ರಲ್ಲಿ ಹೆನ್ರಿ ಪಟ್ಟಕ್ಕೆ ಬಂದು ಕ್ಯಾಥರೀನ್ ಕೈ ಹಿಡಿದ. ಬದುಕುಳಿದ ಗಂಡುಮಗು ಇಲ್ಲ ಅಂತಾದಾಗ, ಆ ಅನುಮತಿಯೇ ತಪ್ಪಿತ್ತು, ಮದುವೆ ರದ್ದು ಮಾಡಿ ಅಂತ ಹಟ ಹಿಡಿದ. ಪೋಪ್ ಏಳನೇ ಕ್ಲೆಮೆಂಟ್ ಹೇಗೆ ಮಾಡ್ತಾನೆ? 1527ರಲ್ಲಿ ರೋಮ್ ಲೂಟಿ ಮಾಡಿದ್ದೇ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ, ಅವನು ಕ್ಯಾಥರೀನ್ ಅಕ್ಕನ ಮಗ. ಪೋಪ್ ಒಪ್ಪಲಿಲ್ಲ. 1534ಕ್ಕೆ ಹೆನ್ರಿ ಪೋಪ್‌ನ ಕ್ಯಾಥೊಲಿಕ್ ಚರ್ಚಿಂದ ಕಡ್ಕೊಂಡು, ತಾನೇ ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥ ಆಗಿ ಕೂತ.

ಹಾಗಾಗಿ ನನ್ನ ತೀರ್ಪು: ಆರ್ಥರ್ ಬದುಕಿದ್ದಿದ್ರೆ ಇಂಗ್ಲೆಂಡ್ ಇವತ್ತಿಗೂ ಕ್ಯಾಥೊಲಿಕ್. ಹೆನ್ರಿ ಆರ್ಚ್‌ಬಿಷಪ್ ಆಗ್ತಿದ್ದ ಅಂತಾನೂ ಹೇಳ್ತಾರೆ. ಅದು ಮಾತ್ರ ಸುಳ್ಳು ಅನ್ಸುತ್ತೆ. 1494ರಲ್ಲಿ, ಮೂರು ವರ್ಷದ ಕೂಸಿಗೆ ಡ್ಯೂಕ್ ಆಫ್ ಯಾರ್ಕ್ ಪಟ್ಟ ಕಟ್ಟಿದ್ದಾರೆ. ಪಾದ್ರಿ ಮಾಡೋ ಮಗನಿಗೆ ಅದ್ಯಾಕೆ?

ಒಂದ್ನಿಮಿಷ, ಜನ ಬರ್ತಿದ್ದಾರೆ. ಮುಂದಕ್ಕೆ ಹೋಗೋಣ.

ಇವನು ಜಾನ್ ರಾಜ, 1216ರಲ್ಲಿ ಸತ್ತವನು. ಕಾಲ ಹತ್ರ ನೋಡಿ, ಸಿಂಹ ಅವನ ಕತ್ತಿಯ ತುದಿ ಕಚ್ಕೊಂಡಿದೆ. ತಲೆಯ ಅಕ್ಕಪಕ್ಕ ಇಬ್ಬರು ಪುಟ್ಟ ಬಿಷಪ್‌ಗಳು. ಇವನೂ ಪೋಪ್ ಜೊತೆ ಜಗಳ ಆಡ್ದ, ಕ್ಯಾಂಟರ್ಬರಿಗೆ ಆರ್ಚ್‌ಬಿಷಪ್ ಯಾರಾಗ್ಬೇಕು ಅಂತ. ಪೋಪ್ 1208ರಿಂದ 1214ರವರೆಗೆ ಇಡೀ ದೇಶದ ಚರ್ಚುಗಳಲ್ಲಿ ಪೂಜೆ ನಿಲ್ಲಿಸಿಬಿಟ್ಟ. 1213ರಲ್ಲಿ ಜಾನ್ ರಾಜ್ಯವನ್ನೇ ಪೋಪ್‌ಗೆ ಒಪ್ಪಿಸಿ, ವರ್ಷಕ್ಕೆ ಸಾವಿರ ಮಾರ್ಕ್ ಕಪ್ಪ ಕಟ್ಟೋಕೆ ಒಪ್ಕೊಂಡ. ಅಂದ್ರೆ ಈ ಜಗಳಕ್ಕೆ ಹೆಂಡತಿ ವಿಷಯವೇ ಬೇಕಾಗಿರಲಿಲ್ಲ. ನೇಮಕಾತಿ ಮತ್ತು ದುಡ್ಡು ಸಾಕು.

ಹಾಗಾದ್ರೆ ಆಗ ಹೇಳಿದ ತೀರ್ಪು ಸ್ವಲ್ಪ ಸಡಿಲ ಮಾಡ್ತೀನಿ. ಸ್ವೀಡನ್ನಿನಲ್ಲಿ ಗುಸ್ಟಾವ್ ವಾಸಾ 1527ರಲ್ಲೇ ಚರ್ಚಿನ ಆಸ್ತಿಗೆ ಕೈ ಹಾಕ್ದ, ವಿಚ್ಛೇದನದ ಗಲಾಟೆ ಏನೂ ಇಲ್ಲದೆ. ಹೊಸ ಮತದ ಗಾಳಿ ಇಂಗ್ಲೆಂಡಿಗೂ ಬೀಸ್ತಿತ್ತು: ಬೈಬಲ್ ಅನುವಾದಕ ಟಿಂಡೇಲ್‌ನ ಇಂಗ್ಲಿಷ್ ಹೊಸ ಒಡಂಬಡಿಕೆ 1526ರಲ್ಲೇ ಜರ್ಮನಿಯಲ್ಲಿ ಅಚ್ಚಾಗಿ ಕದ್ದುಮುಚ್ಚಿ ಇಂಗ್ಲೆಂಡಿಗೆ ಬರ್ತಿತ್ತು. ಆದ್ರೆ ಫ್ರಾನ್ಸ್ ರಾಜ 1516ರಲ್ಲೇ ಪೋಪ್ ಜೊತೆ ಒಪ್ಪಂದ ಮಾಡ್ಕೊಂಡು ಬಿಷಪ್‌ಗಳನ್ನ ತಾನೇ ಹೆಸರಿಸೋ ಹಕ್ಕು ಗಿಟ್ಟಿಸ್ಕೊಂಡ, ಕ್ಯಾಥೊಲಿಕ್ ಆಗೇ ಉಳ್ಕೊಂಡ. ಆರ್ಥರ್ ಇದೇ ದಾರಿ ಹಿಡೀತಿದ್ದ ಅಂತ ನನ್ನ ಅಂದಾಜು. ಜೊತೆಗೆ ಚಾರ್ಲ್ಸ್ ಇವನಿಗೆ ಹೆಂಡತಿ ಕಡೆಯ ನೆಂಟ, ಎದುರಾಳಿ ಅಲ್ಲ. ಹೆನ್ರಿ ಆಮೇಲೆ ಮುಚ್ಚಿಸಿದ ಮಠಗಳು ಉಳೀತಿದ್ವಾ? ದೊಡ್ಡವು ಉಳೀತಿದ್ವು, ಸಣ್ಣವು ಡೌಟು.

ಅಣ್ಣನ ಸಮಾಧಿ ಇದೆ ಅಂತ ಹೆನ್ರಿ ಈ ಕೆಥೆಡ್ರಲ್ ಉಳಿಸಿದ ಅನ್ನೋ ಕಥೆ ಇದೆ. ನಂಬಬೇಡಿ. ಮಠ ಮುಚ್ಚಿದ ಮೇಲೂ ಅದಕ್ಕೆ ಸೇರಿದ್ದ ಕೆಥೆಡ್ರಲ್‌ಗಳು, ಕ್ಯಾಂಟರ್ಬರಿ, ಡರ್ಹಮ್, ವಿಂಚೆಸ್ಟರ್ ಎಲ್ಲಾ ಉಳ್ಕೊಂಡ್ವು. ಕೆಡವಿದ್ದು ಕವೆಂಟ್ರಿ ಒಂದನ್ನೇ.

ಓಹ್, ಕ್ಯಾಮೆರಾ ಆಫ್ ಮಾಡಿ ಅಂತಿದ್ದಾರೆ, ಈವನ್‌ಸಾಂಗ್, ಅಂದ್ರೆ ಸಂಜೆಯ ಪ್ರಾರ್ಥನೆ, ಶುರುವಾಗುತ್ತಂತೆ. ಇದರ ಕ್ರಮ ಬಂದಿದ್ದೇ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಕ್ರ್ಯಾನ್ಮರ್ 1549ರಲ್ಲಿ ಹೊರಡಿಸಿದ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದಿಂದ. ಆ ಹುಡುಗ ಬದುಕಿದ್ದಿದ್ರೆ ಇಲ್ಲಿ ಈಗ ಲ್ಯಾಟಿನ್ ಕೇಳಿಸ್ತಿತ್ತೋ ಏನೋ. ನೀವೇನಂತೀರಿ, ಕೆಳಗೆ ಬರೀರಿ. ಆಫ್ ಮಾಡ್ತಿದ್ದೀನಿ, ಸರ್, ಆಫ್ ಮಾಡ್ತಿದ್ದೀನಿ…