ಗಾಳಕ್ಕೆ ಜೀವಂತ ರ‍್ಯಾಗ್‌ವರ್ಮ್

ಕೇಳುಗರಿಗೆ ನಮಸ್ಕಾರ.

ಗಾಳಕ್ಕೆ ಏರಿಸಿದ ಹುಳು ಮೀನನ್ನು ಕರೆಯುವುದು ಎರಡೇ ದಾರಿಯಲ್ಲಿ. ಒಂದು, ನೀರಿಗೆ ಹರಡುವ ಮೈರಸದ ವಾಸನೆ. ಇನ್ನೊಂದು, ಬಾಲದ ಆಟ. ಜೀವಂತ ರ‍್ಯಾಗ್‌ವರ್ಮ್‌ನಲ್ಲಿ ಇವೆರಡೂ ಧಾರಾಳವಾಗಿವೆ. ಆದರೆ ಹುಳು ಡಬ್ಬಿಯಿಂದ ಗಾಳಕ್ಕೆ ಬರುವ ಅರ್ಧ ನಿಮಿಷದಲ್ಲಿ ಎರಡನ್ನೂ ಹಾಳು ಮಾಡಿಬಿಡಬಹುದು. ಆ ಅರ್ಧ ನಿಮಿಷದ ಕೆಲಸವೇ ಇವತ್ತಿನ ಮಾತು.

ಕೆಸರು ಬೆರೆತ ಮರಳಿನಲ್ಲಿ ಬಿಲ ಮಾಡಿಕೊಂಡಿರುವ ಸಮುದ್ರದ ಹುಳು ಇದು. ನೋಡಲು ಎರೆಹುಳುವಿಗಿಂತ ಜರಿಹುಳುವಿಗೇ ಹತ್ತಿರ. ಮೈಯ ಎರಡೂ ಬದಿಗೆ ದೋಣಿಯ ಹುಟ್ಟಿನಂಥ ಪುಟ್ಟ ಕಾಲುಗಳ ಸಾಲು. ಅಳಿವೆಯ ಕೆಸರಿನಲ್ಲಿ ಸಿಗುವ ಚಿಕ್ಕ ಬಗೆ ಬೆರಳುದ್ದ ಇರುತ್ತದೆ, ಬೆನ್ನ ಮೇಲೆ ರಕ್ತನಾಳದ ಕೆಂಪು ಗೆರೆ ಎದ್ದು ಕಾಣುತ್ತದೆ. ದೊಡ್ಡದಕ್ಕೆ ಕಿಂಗ್ ರ‍್ಯಾಗ್ ಎನ್ನುತ್ತಾರೆ, ಅದು 30 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ಎರಡಕ್ಕೂ ಇಕ್ಕುಳದಂಥ ಒಂದು ಜೊತೆ ಕಪ್ಪು ದವಡೆ ಇದೆ. ಸುಮ್ಮನಿದ್ದಾಗ ಅದು ಕಾಣುವುದಿಲ್ಲ. ಕಾಲುಚೀಲವನ್ನು ಒಳಗಿನಿಂದ ಹೊರಕ್ಕೆ ಮಗುಚಿದಂತೆ ಹುಳು ತನ್ನ ಗಂಟಲನ್ನು ಹೊರಚಾಚಿದಾಗ ಮಾತ್ರ ತುದಿಯಲ್ಲಿ ದವಡೆ ತೆರೆದುಕೊಳ್ಳುತ್ತದೆ. ದೊಡ್ಡ ಹುಳು ಕಚ್ಚಿದರೆ ಚುರುಕ್ಕೆನ್ನುವಷ್ಟು ನೋಯುತ್ತದೆ. ಬ್ಲಡ್‌ವರ್ಮ್ ಎಂಬ ಇನ್ನೊಂದು ಹುಳುವೂ ಗಾಳಕ್ಕೆ ಬರುತ್ತದೆ, ಅದಕ್ಕೆ ನಾಲ್ಕು ದವಡೆ, ಕಡಿತದಲ್ಲಿ ವಿಷವೂ ಇದೆ. ಡಬ್ಬಿಯಲ್ಲಿರುವುದು ಯಾವುದೆಂದು ನೋಡಿಕೊಂಡೇ ಕೈ ಹಾಕಿ.

ಮೊದಲು ಹುಳು ಜೀವಂತ ಉಳಿಯಬೇಕಲ್ಲ. ಇದರ ಮೊದಲ ಶತ್ರು ಬಿಸಿಲು, ಎರಡನೆಯದು ಸಿಹಿನೀರು. ಸಮುದ್ರದ ಹುಳುವಿನ ಮೈಯಲ್ಲಿ ಉಪ್ಪಿನ ಅಂಶ ಹೆಚ್ಚು, ಸಿಹಿನೀರು ಬಿದ್ದರೆ ಅದು ಒಳಗೆ ನುಗ್ಗಿ ಹುಳು ಊದಿಕೊಂಡು ಸಾಯುತ್ತದೆ. ಕರಗುತ್ತಿರುವ ಐಸಿನ ನೀರು ತಗುಲಿದರೂ ಇದೇ ಗತಿ. ಐಸ್ ಇಡುವುದಾದರೆ ಬಾಟಲಿಯಲ್ಲಿ ಮುಚ್ಚಿಡಿ. 4ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಒಣ ವೃತ್ತಪತ್ರಿಕೆಯ ಮಡಿಕೆಯೊಳಗೆ, ಗಾಳಿಯಾಡುವ ಡಬ್ಬಿಯಲ್ಲಿ ಹುಳು ಕೆಲವು ದಿನ ಚೆನ್ನಾಗಿರುತ್ತದೆ. ಕಾಗದ ದಿನಾ ಬದಲಿಸಬೇಕು. ಸತ್ತದ್ದು, ತುಂಡಾದದ್ದು ಕಂಡ ತಕ್ಷಣ ತೆಗೆಯಿರಿ, ಒಂದು ಕೊಳೆತರೆ ರಾತ್ರಿ ಬೆಳಗಾಗುವಷ್ಟರಲ್ಲಿ ಇಡೀ ಡಬ್ಬಿ ಹೋಗುತ್ತದೆ. ದೊಡ್ಡವನ್ನೂ ಚಿಕ್ಕವನ್ನೂ ಒಟ್ಟಿಗೆ ಹಾಕಬೇಡಿ, ಪರಸ್ಪರ ಕಚ್ಚಿ ತುಂಡು ಮಾಡುತ್ತವೆ.

ಇನ್ನು ಗಾಳ. ಉದ್ದ ಕಡ್ಡಿಯ, ತೆಳು ತಂತಿಯ ಅಬರ್ಡೀನ್ ಮಾದರಿ ಇದಕ್ಕೆ ಹೇಳಿ ಮಾಡಿಸಿದ್ದು. ದಪ್ಪ ತಂತಿ ಹುಳುವಿನ ಮೈ ಸೀಳುತ್ತದೆ. ನಂಗಿನಂಥ ಚಪ್ಪಟೆ ಮೀನುಗಳಿಗೆ 4 ಅಥವಾ 2ನೇ ನಂಬರು, ದೊಡ್ಡ ಬಾಯಿಯ ಮೀನಿಗೆ ಇವಕ್ಕಿಂತ ದೊಡ್ಡದಾದ 1/0. ಗಂಟು ಹಾಕಿದ ಮೇಲೆ ಉಳಿಯುವ ತಂಗೂಸಿಯ, ಅಂದರೆ ಗಾಳದ ದಾರದ, ತುದಿಯನ್ನು ಎರಡು ಮಿಲಿಮೀಟರಿಗೆ ಕತ್ತರಿಸಿ. ಹುಳು ಗಂಟಿನ ಮೇಲೆ ಜಾರುವಾಗ ಆ ಪುಟ್ಟ ತುದಿಯೇ ಅದರ ಒಳಮೈಯನ್ನು ಹರಿಯುತ್ತದೆ. ಬಹಳ ಜನ ಗಮನಿಸದ ತಪ್ಪು ಇದು.

ಒಣಬಟ್ಟೆಯಲ್ಲಿ ಬೆರಳೊರೆಸಿಕೊಳ್ಳಿ. ಒದ್ದೆ ಬೆರಳಿನಿಂದ ಹುಳು ಜಾರುತ್ತದೆ, ಜಾರಿದರೆ ನಾವು ಗಟ್ಟಿಯಾಗಿ ಒತ್ತುತ್ತೇವೆ, ಒತ್ತಿದರೆ ರಸ ಸೋರುತ್ತದೆ. ತಲೆಯಿಂದ ಒಂದು ಸೆಂಟಿಮೀಟರ್ ಹಿಂದೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯಿರಿ. ಉಳಿದ ಮೈ ಬೆರಳಿಗೆ ಸುತ್ತಿಕೊಂಡರೆ ಸುತ್ತಿಕೊಳ್ಳಲಿ. ಮೆಲ್ಲಗೆ ಅದುಮಿದಾಗ ಗಂಟಲು ಹೊರಬಂದು ದವಡೆ ಬಿಡುತ್ತದೆ. ಆ ಕ್ಷಣಕ್ಕೆ ಕಾದು ಮೊನೆಯನ್ನು ದವಡೆಗಳ ನಡುವೆ ನೇರ ಒಳಗಿಡಿ. ಬಾಯಿಂದ ಬಾಲದವರೆಗೆ ಕರುಳು ನೆಟ್ಟಗೆ ಒಂದೇ ಕೊಳವೆಯಾಗಿದೆ, ಮೊನೆ ಅದೇ ಹಾದಿಯಲ್ಲಿ ಹೋದರೆ ಗೋಡೆ ಹರಿಯುವುದಿಲ್ಲ. ಬಾಯಿಯ ಬದಲು ಬದಿಯಿಂದ ಚುಚ್ಚಿದ ಹುಳು ಮೊದಲ ಎಸೆತಕ್ಕೇ ಸೋರಿ ಜೋತುಬೀಳುವುದು ಇದರಿಂದಲೇ.

ಮುಂದೆ ಗಾಳವನ್ನು ತಳ್ಳಬೇಡಿ, ಹುಳುವನ್ನು ಗಾಳದ ಮೇಲೆ ಎಳೆದುಕೊಳ್ಳಿ. ದಿಂಬಿನ ಗವಸು ತೊಡಿಸಿದ ಹಾಗೆ, ಸ್ವಲ್ಪ ಸ್ವಲ್ಪವೇ. ಬಾಗಿನ ಹತ್ತಿರ ಅವಸರ ಬೇಡ. ಬೆರಳ ತುದಿಗೆ ಮೊನೆ ಎಲ್ಲಿದೆ ಎಂದು ಚರ್ಮದ ಮೇಲಿಂದಲೇ ಗೊತ್ತಾಗುತ್ತದೆ, ಅದಕ್ಕೆ ತಕ್ಕಂತೆ ಮೈಯನ್ನು ಬಾಗಿಸುತ್ತ ಬನ್ನಿ. ತಲೆ ಗಾಳದ ಕಣ್ಣು ದಾಟಿ ತಂಗೂಸಿಯ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಏರಲಿ. ಆಮೇಲೆ ಮೊನೆಯನ್ನು ಅಡ್ಡಮುಳ್ಳಿನ ಸಮೇತ ಹೊರಗೆ ತೆಗೆಯಿರಿ. ಕೆಳಗೆ ಎರಡು ಮೂರು ಸೆಂಟಿಮೀಟರ್ ಬಾಲ ಆಡುತ್ತಿರಲಿ. ಬಾಲ ಇನ್ನೂ ಉದ್ದ ಬಿಟ್ಟರೆ ಮೀನು ಅದನ್ನಷ್ಟೇ ಕಿತ್ತುಕೊಂಡು ಹೋಗುತ್ತದೆ. ಕೈಯಲ್ಲಿನ ಕೋಲು ಜಗ್ಗಿದಂತಾಗುತ್ತದೆ, ಎಳೆದರೆ ಏನೂ ಇರುವುದಿಲ್ಲ.

ಚಿಕ್ಕ ಹುಳುಗಳಿಗೆ ಇಷ್ಟೆಲ್ಲ ಬೇಡ. ಮೂರು ನಾಲ್ಕನ್ನು ತಲೆಯ ಹತ್ತಿರ ಮಾತ್ರ ಚುಚ್ಚಿ ಗೊಂಚಲು ಮಾಡಿದರೆ ಸಾಕು, ಬೆಂಡು ಕಟ್ಟಿ ಹತ್ತಿರಕ್ಕೆ ಹಾಕುವವರಿಗೆ ಇದರಷ್ಟು ಚೆಂದದ ಎರೆ ಇಲ್ಲ. ದೂರ ಎಸೆದರೆ ಮಾತ್ರ ಗಾಳಿಯಲ್ಲೇ ಉದುರುತ್ತವೆ. ಇಡೀ ಕಿಂಗ್ ರ‍್ಯಾಗ್ ಸಣ್ಣ ಗಾಳಕ್ಕೆ ಹೆಚ್ಚಾಯಿತು ಎನಿಸಿದರೆ ಕತ್ತರಿಯಲ್ಲಿ ಒಮ್ಮೆಗೇ ತುಂಡರಿಸಿ, ಕತ್ತರಿಸಿದ ಕಡೆಯಿಂದ ಪೋಣಿಸಿ. ಉಳಿದರ್ಧವನ್ನು ಬೇರೆ ಡಬ್ಬಿಗೆ ಹಾಕಿ, ಮುಂದಿನ ಎಸೆತಕ್ಕೇ ಬಳಸಿ.

ಜೋರಾಗಿ ಎಸೆಯುವವರ ದೊಡ್ಡ ಗೋಳು, ಹುಳು ಜಾರಿ ಬಾಗಿನಲ್ಲಿ ಮುದ್ದೆಯಾಗುವುದು. ಮುದ್ದೆಯೊಳಗೆ ಮೊನೆ ಮುಚ್ಚಿಹೋಗುತ್ತದೆ, ಮೀನು ಬಾಯಿಗಿಟ್ಟರೂ ಸಿಕ್ಕಿಕೊಳ್ಳುವುದಿಲ್ಲ. ಕಣ್ಣಿನ ಮೇಲೇರಿದ ತಲೆಯ ಭಾಗಕ್ಕೆ ತೆಳುವಾದ ಎಲಾಸ್ಟಿಕ್ ನೂಲನ್ನು ಐದಾರು ಸುತ್ತು ಸುತ್ತಿ. ಬಿಗಿಯಾದರೆ ಅದೇ ನೂಲು ಹುಳುವನ್ನು ಕೊಯ್ಯುತ್ತದೆ, ಚರ್ಮ ತಗ್ಗಾಗಿ ಕಾಣಿಸಿದ ಕೂಡಲೇ ನಿಲ್ಲಿಸಿ. ಮುಟ್ಟಿದರೆ ಮೆತ್ತಗಿದ್ದು, ಚುಚ್ಚಿದಲ್ಲಿ ಹಾಲಿನಂಥ ದ್ರವ ಬಂದರೆ ಅದು ಸಂತಾನಕ್ಕೆ ಸಿದ್ಧವಾದ ಹುಳು. ಗಾಳದ ಮೇಲೆ ಅದು ಒಡೆಯುತ್ತದೆ, ನಾಜೂಕಿಲ್ಲದ ಎಸೆತಕ್ಕೆ ತಡೆಯುವುದೇ ಇಲ್ಲ.

ಮೀನು ಮುಟ್ಟದಿದ್ದರೂ 15ರಿಂದ 20 ನಿಮಿಷಕ್ಕೊಮ್ಮೆ ಎಳೆದು ನೋಡಿ. ಹುಳು ಬಿಳಚಿ ಜೋತುಬಿದ್ದಿದ್ದರೆ ರಸ ಮುಗಿದಿದೆ, ಬದಲಿಸಿ. ಸಂಜೆ ಉಳಿದ ಹುಳುವನ್ನು ಫ್ರೀಜರಿಗೆ ಹಾಕಬೇಡಿ, ಕರಗಿದ ಮೇಲೆ ಅಂಟಿನಂತಾಗುತ್ತದೆ. ಹೊರಗಿನಿಂದ ತಂದ ಹುಳುವನ್ನಾಗಲಿ, ಅದನ್ನು ಸುತ್ತಿಕೊಟ್ಟ ಕಡಲಕಳೆಯನ್ನಾಗಲಿ ನೀರಿಗೆ ಎಸೆಯುವುದೂ ಬೇಡ. ಆ ಕಳೆಯ ಎಡೆಯಲ್ಲಿ ಬೇರೆ ತೀರದ ಪುಟ್ಟ ಏಡಿ, ಬಸವನಹುಳುಗಳು ಸೇರಿಕೊಂಡು ಬಂದಿರುತ್ತವೆ. ಕಟ್ಟಿ ಕಸದ ಬುಟ್ಟಿಗೆ ಹಾಕಿ, ಡಬ್ಬಿಯನ್ನು ಸಮುದ್ರದ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.