ಹಳ್ಳದ ಬದಿಯ ಚಿಗುರು ಗುಡಿಸಲು

ನಮಸ್ಕಾರ. ಹಿಂದೆ ಕೇಳಿಸುತ್ತಿರುವುದು ಮಳೆ, ಮೈಕ್ ಕೆಟ್ಟಿಲ್ಲ. ಮಡಿಕೇರಿ ಕಡೆ ಜುಲೈ ತಿಂಗಳಲ್ಲಿ ವಿಡಿಯೋ ಮಾಡಲು ಹೊರಟರೆ ಇದೇ ಕತೆ.

ಈಗ ಕಾಣುತ್ತಿದೆಯಲ್ಲ, ಈ ಹಸಿರು ಗೂಡು, ಇದಕ್ಕೆ ಗೋಡೆಯಿಲ್ಲ, ಹಂಚಿಲ್ಲ. ಪೂರ್ತಿ ಜೀವ ಇರುವ ವಿಲೋ ಕಡ್ಡಿಗಳು. ನೆಲದಲ್ಲಿ ನೆಟ್ಟು, ಬಗ್ಗಿಸಿ, ಹೆಣೆದು, ಮೇಲೆ ಸೇರಿಸಿ ಕಟ್ಟಿದ್ದು. ಕ್ರಿಕೆಟ್ ಬ್ಯಾಟ್ ಮಾಡುತ್ತಾರಲ್ಲ, ಆ ಮರದ ಬಳಗ. ಬ್ಯಾಟಿನ ಜಾತಿ ಬೇರೆ. ಇದು ನಮ್ಮ ಹಳ್ಳದ ಅಂಚಿನಲ್ಲೇ ಬೆಳೆಯುವ ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ. ಚಿಕ್ಕಂದಿನಲ್ಲಿ ಅದರ ನೆರಳಲ್ಲೇ ಕೂತು ಏಡಿ ಹಿಡಿದಿದ್ದೇನೆ. ವಿಲೋ ಅಂತ ಗೊತ್ತಾಗಿದ್ದು ಮೊನ್ನೆ ಮೊನ್ನೆ.

ಕಾಫಿ ತೋಟದ ಕೆಳಗೆ ಈ ಮೂಲೆಯಲ್ಲಿ ಮಳೆಗಾಲ ಪೂರ್ತಿ ನೀರು ನಿಲ್ಲುತ್ತದೆ. ಕಾಫಿಗೆ ಆಗದ ಜಾಗ, ವಿಲೋಗೆ ಸರಿಹೋಯಿತು.

ಆದರೆ ಮೊದಲ ಸಲ ಚೆನ್ನಾಗಿ ಮುಗ್ಗರಿಸಿದೆ. ಇಂಗ್ಲೆಂಡಿನಲ್ಲಿ ಎಲೆ ಉದುರಿದ ಮೇಲೆ, ಚಳಿಗಾಲದಲ್ಲಿ ಕಡ್ಡಿ ನೆಡುತ್ತಾರೆ. ನಾನೂ ಅದನ್ನೇ ನೋಡಿಕೊಂಡು ಹೋದ ವರ್ಷ ಜನವರಿಯಲ್ಲಿ ನೆಟ್ಟೆ. ಹತ್ತೇ ದಿನಕ್ಕೆ ಚಿಗುರು! ಸ್ಟೇಟಸ್ ಹಾಕಿಕೊಂಡು ಮೆರೆದಿದ್ದೇ ಮೆರೆದಿದ್ದು. ಶಿವರಾತ್ರಿ ಕಳೆಯುವಷ್ಟರಲ್ಲಿ ಎಲ್ಲ ಬಾಡಿತು. ಒಂದು ಕಡ್ಡಿ ಕಿತ್ತು ನೋಡಿದೆ. ಬುಡ ಕಪ್ಪಗೆ, ಒಂದೇ ಒಂದು ಬೇರಿಲ್ಲ. ಬೇರು ಬರುವ ಮೊದಲೇ, ಕಡ್ಡಿ ತನ್ನೊಳಗೆ ಕೂಡಿಟ್ಟಿದ್ದನ್ನೆಲ್ಲ ಎಲೆಗೆ ಸುರಿದಿತ್ತು. ಇದ್ದ ಗಂಟು ಕರಗಿಸಿ ಮದುವೆ ಮಾಡಿದ ಹಾಗೆ. ಅಲ್ಲಿ ಚಳಿಗಾಲದಲ್ಲೂ ನೆಲ ಒದ್ದೆ. ನಮ್ಮಲ್ಲಿ ಆಗ ಒಣ ಬಿಸಿಲು, ಅಲ್ವಾ?

ಅಪ್ಪ ನೋಡಿ, "ಕಾಫಿ ನೆರಳಿಗೆ ಹಾಲುವಾಣದ ಗೂಟ ಯಾವಾಗ ನೆಡ್ತೀವೋ?" ಅಂದರು.

"ಜೂನ್‌ನಲ್ಲಿ."

"ಮತ್ತೆ ಇದೇನು, ಇಂಗ್ಲೆಂಡಿನ ನೆಂಟನಾ?"

ಅಷ್ಟೇ. ಮಳೆ ಹಿಡಿಯುವವರೆಗೆ ಕಾದೆ. ಹೆಬ್ಬೆರಳು ದಪ್ಪದ, ಎಂಟು ಒಂಬತ್ತು ಅಡಿ ಉದ್ದದ ನೇರ ಕೊಂಬೆ ಕಡಿದು, ಎಲೆ ಪೂರ್ತಿ ಸವರಿ, ಎರಡು ರಾತ್ರಿ ಹಳ್ಳದಲ್ಲಿ ನೆನೆಹಾಕಿದೆ. ನಡುವೆ ಗೂಟ ಹೊಡೆದು, ನಾಲ್ಕು ಅಡಿ ಹಗ್ಗ ಸುತ್ತಿಸಿ ವೃತ್ತ ಎಳೆದೆ. ಒಂದೊಂದು ಅಡಿಗೆ ಒಂದು ಕಡ್ಡಿ. ಹಾರೆಯಿಂದ ಒಂದೂವರೆ ಅಡಿ ತೂತು ಮಾಡಿಯೇ ಇಳಿಸಬೇಕು. ಸುಮ್ನೆ ಸುತ್ತಿಗೆಯಲ್ಲಿ ಹೊಡೆದರೆ ತುದಿ ಸೀಳುತ್ತದೆ, ತೊಗಟೆ ಸುಲಿಯುತ್ತದೆ. ಮೊಗ್ಗು ಮೇಲ್ಮುಖ ಇದೆಯಾ ನೋಡಿಕೊಳ್ಳಿ. ನಾನು ಎರಡು ಕಡ್ಡಿ ತಲೆಕೆಳಗೆ ನೆಟ್ಟಿದ್ದೆ. ಕಂಡುಹಿಡಿದವರು ಅಮ್ಮ.

ನಡುನಡುವೆ ಸಪೂರ ಕಡ್ಡಿಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಓರೆಯಾಗಿ ಹೆಣೆದೆ. ನೋಡಿ, ಡೈಮಂಡ್ ಡೈಮಂಡ್ ಕಿಟಕಿ ಆಗಿದೆ.

ಇಲ್ಲಿ ಸ್ವಲ್ಪ ಹತ್ತಿರ ಬನ್ನಿ. ಈ ಕಡ್ಡಿಯಲ್ಲಿ ಒಂದು ಉಬ್ಬು ಕಾಣುತ್ತದೆ. ಬೈಂಡಿಂಗ್ ವೈರ್ ಕಟ್ಟಿದ ಜಾಗ. ಕಡ್ಡಿ ದಪ್ಪ ಆಯಿತು, ವೈರ್ ಹಿಗ್ಗಲಿಲ್ಲ, ತೊಗಟೆಯೊಳಗೆ ಕಚ್ಚಿಕೊಂಡಿತು. ಮೇಲ್ಗಡೆ ಊದಿದೆ, ಕೆಳಗಡೆ ಸಪೂರ. ಪಕ್ಕದಲ್ಲಿ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದ್ದೇನೆ, ಅದು ಗಿಡದ ಜೊತೆ ಹಿಗ್ಗುತ್ತದೆ. ಹೀಗೆ ಒತ್ತಿಕೊಂಡೇ ಇದ್ದರೆ ವರ್ಷಗಳಲ್ಲಿ ಎರಡು ಕಡ್ಡಿ ಬೆಸೆದು ಒಂದಾಗುತ್ತವೆ. ಮೇಘಾಲಯದಲ್ಲಿ ಖಾಸಿ ಜನ ರಬ್ಬರ್ ಆಲದ ಬೇರುಗಳನ್ನು ಹೀಗೇ ಹೆಣೆದು ಸೇತುವೆ ಮಾಡಿದ್ದಾರಲ್ಲ.

ಗೂಡು ನಿಂತ ಹುಮ್ಮಸ್ಸಿನಲ್ಲಿ ಇದೇ ಕಡ್ಡಿಯಲ್ಲಿ ಆನೆ ಮಾಡಲು ಹೊರಟೆ. ಮೂರು ತಿಂಗಳಿಗೆ ಸೊಂಡಿಲಿನಿಂದ ಆರು ಸೊಂಡಿಲು! ಈಗ ಅದು ಕುರಿ ಅಂತ ಒಪ್ಪಿಕೊಂಡಿದ್ದೇನೆ. 2024ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಲಂಟಾನ ಕಡ್ಡಿಯ ಆನೆಗಳನ್ನು ನೋಡಿದ್ದೀರಾ? ನೀಲಗಿರಿಯ ಗೂಡಲೂರಿನ ಆದಿವಾಸಿಗಳ ಕೈಕೆಲಸ. ಅವು ಒಣ ಕಡ್ಡಿ, ಹೇಗೆ ಮಾಡಿದರೋ ಹಾಗೇ ನಿಲ್ಲುತ್ತವೆ. ಜೀವ ಇರುವ ಕಡ್ಡಿಗೆ ಅದರದ್ದೇ ಹಟ. ರಸ ಎಲ್ಲ ತುದಿಗೇ ಓಡುತ್ತದೆ, ಬುಡ ಬೋಳಾಗುತ್ತದೆ. ಅದಕ್ಕೆ ಹೊಸ ಚಿಗುರನ್ನು ಕೆಳಗೆ ಬಗ್ಗಿಸಿ ಮತ್ತೆ ಹೆಣೆಯಬೇಕು, ನೆತ್ತಿಯದ್ದನ್ನು ಕತ್ತರಿಸಬೇಕು.

ಹಾಂ, ಬಾವಿ, ಪೈಪ್ ಹತ್ತಿರ ಮಾತ್ರ ನೆಡಬೇಡಿ. ಇದರ ಬೇರು ನೀರು ಹುಡುಕಿಕೊಂಡು ಹೋಗುತ್ತದೆ. ಕನಿಷ್ಠ 10 ಮೀಟರ್ ದೂರ ಇರಲಿ.

ಒಳಗಿಂದ ಅಕ್ಕನ ಮಗಳು ಕೂಗುತ್ತಿದ್ದಾಳೆ, "ಮಾಮ, ಬಾಗಿಲು ಮತ್ತೆ ಚಿಕ್ಕದಾಗಿದೆ!" ಹೋದ ತಿಂಗಳಷ್ಟೇ ಕತ್ತರಿಸಿದ್ದೆ. ಕತ್ತರಿ ತರುತ್ತೇನೆ. ಅಯ್ಯೋ, ಕಾಲಿಗೆ ಜಿಗಣೆ ಬೇರೆ ಹತ್ತಿದೆ, ಕ್ಯಾಮೆರಾ ಆಫ್ ಮಾಡ್ತೀನಿ.