ಆಪರೇಷನ್‌ಗೆ ಕಾರ್ಡ್ ಇದೆ, ದಿನದ ಮಾತ್ರೆಗೆ ಏನಿದೆ?

ನಮಸ್ಕಾರ. ಇವತ್ತು ವಯಸ್ಸಾದವರ ಮಾತ್ರೆ ಖರ್ಚಿನ ಬಗ್ಗೆ ಮಾತಾಡೋಣ. ಜೀವನವೆಲ್ಲ ಕೂಲಿ ಮಾಡಿದವರು, ತುಂಡು ಹೊಲ ನಂಬಿಕೊಂಡವರು, ರಿಟೈರ್ ಆದ ಮೇಲೆ ಇಂತಿಷ್ಟು ಅಂತ ಬರೋದು ಏನೂ ಇಲ್ಲದವರು. ಅವರ ಮಾತ್ರೆ ಖರ್ಚು.

ಯಾವುದಾದರೂ ತಾಲ್ಲೂಕು ಊರಿನ ಮೆಡಿಕಲ್ ಶಾಪ್ ಮುಂದೆ ಸಂಜೆ ಸ್ವಲ್ಪ ಹೊತ್ತು ನಿಂತು ನೋಡಿ. ಒಬ್ಬರು ಅಜ್ಜ ಬರ್ತಾರೆ. ಮಡಚಿದ ಗೆರೆಯಲ್ಲೇ ಹರಿದಿರೋ ಚೀಟಿ ಮುಂದಿಡ್ತಾರೆ. ಡಾಕ್ಟ್ರು ಬರೆದಿರೋದು ಒಂದು ತಿಂಗಳಿಗೆ. ಅಜ್ಜ ಕೇಳೋದು, "ಐದು ದಿನಕ್ಕಾಗೋಷ್ಟು ಕೊಡಪ್ಪ." ಅಂಗಡಿಯವನು ಕತ್ತರಿ ತಗೊಂಡು ಸ್ಟ್ರಿಪ್ ಕತ್ತರಿಸ್ತಾನೆ. ಕೈಗೆ ಬಂದ ತುಂಡಿನ ಮೇಲೆ ಮಾತ್ರೆ ಹೆಸರು ಅರ್ಧ, ಎಕ್ಸ್‌ಪೈರಿ ತಾರೀಕು ಅಂಗಡಿಯಲ್ಲೇ ಉಳೀತು. ಮನೆಗೆ ಹೋದ ಮೇಲೆ ಗುರುತು ಬಣ್ಣದ್ದು ಮಾತ್ರ: ಬಿಳೀದು ಶುಗರ್‌ದು, ಗುಲಾಬೀದು ಬಿಪಿದು. ಆ ಐದು ದಿನದ ಮಾತ್ರೆಯನ್ನ ಒಂದು ದಿನ ಬಿಟ್ಟು ಒಂದು ದಿನ ನುಂಗಿ ಹತ್ತು ದಿನಕ್ಕೆ ಎಳೀತಾರೆ. ಬಿಪಿ ಏರಿದ್ದು ಅವರಿಗೆ ಗೊತ್ತಾಗಲ್ಲ. ಗೊತ್ತಾಗೋ ದಿನ ಕೈಕಾಲು ಬಿದ್ದುಹೋಗಿರುತ್ತೆ.

ಸರ್ಕಾರ ಇವರಿಗೆ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. ಆಯುಷ್ಮಾನ್ ಭಾರತ್‌ನಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. 2024ರ ಅಕ್ಟೋಬರ್ ಕೊನೆಗೆ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಅದನ್ನ ವಿಸ್ತರಿಸ್ತು. ಒಳ್ಳೇದೇ. ಆದರೆ ಅದು ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ. ಮನೆಯಲ್ಲಿದ್ದುಕೊಂಡು ದಿನಾ ನುಂಗೋ ಮಾತ್ರೆಗೆ ಅದರಲ್ಲಿ ದುಡ್ಡಿಲ್ಲ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಸಿಗುತ್ತೆ, ಅಷ್ಟೇ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರನ್ನ ತಗೊಳ್ಳಿ. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳೋ ಮಾತ್ರೆಯನ್ನ ಅವರು ತಿಂಗಳುಗಟ್ಟಲೆ ತಪ್ಪದೆ ತಗೋಬೇಕು. ನಡುವೆ ನಿಲ್ಲಿಸಿದ್ರೆ ಆ ಸ್ಟೆಂಟೇ ಮುಚ್ಚಿಹೋಗಬಹುದು. ಸ್ಟೆಂಟ್‌ಗೆ ದೊಡ್ಡ ಮೊತ್ತ ಕಟ್ಟಿದ ಸರ್ಕಾರ ಹದಿನಾರನೇ ದಿನ ಕೈಬಿಟ್ಟರೆ ಆ ಮೊತ್ತಕ್ಕೂ ಅರ್ಥ ಇಲ್ಲ, ಆ ಮನುಷ್ಯನಿಗೂ ನ್ಯಾಯ ಇಲ್ಲ.

ಪಿಂಚಣಿ ಇದೆಯಲ್ಲ ಅಂತೀರಾ? ನಮ್ಮಲ್ಲಿ ಸಂಧ್ಯಾ ಸುರಕ್ಷಾ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 80 ವರ್ಷದವರೆಗೆ ಬರೀ 200, ಆಮೇಲೆ 500. ಎಣ್ಣೆ, ಬೇಳೆ, ಕರೆಂಟು ಕಳೆದು ಎಷ್ಟು ಉಳಿಯುತ್ತೆ ನೀವೇ ಹೇಳಿ.

ಇನ್ನು ಪಿಎಚ್‌ಸಿ, ಅಂದ್ರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಅಂಥ ಶುಗರ್, ಬಿಪಿ ಮಾತ್ರೆಗಳು ಅಲ್ಲಿ ಉಚಿತ. ಕೊಡ್ತಾರೆ ಕೂಡ. ಆದರೆ ಹಲವು ಕಡೆ ಹತ್ತು ದಿನದ್ದೋ ಹದಿನೈದು ದಿನದ್ದೋ ಕೊಟ್ಟು ಮತ್ತೆ ಬನ್ನಿ ಅಂತಾರೆ. ಮಂಡಿ ನೋವಿನ ಅಜ್ಜಿ ತಿಂಗಳಿಗೆ ಎರಡು ಮೂರು ಸಲ ಬಸ್ ಹತ್ತಬೇಕು. ಶಕ್ತಿ ಯೋಜನೆಯಿಂದ ಅಜ್ಜಿಗೆ ಟಿಕೆಟ್ ಇಲ್ಲ, ಅಜ್ಜನಿಗೆ 25 ಪರ್ಸೆಂಟ್ ರಿಯಾಯಿತಿ ಬಿಟ್ಟರೆ ಉಳಿದದ್ದು ಕೈಯಿಂದ. ಜೊತೆಗೆ ಬಂದ ಮಗನ ಒಂದು ದಿನದ ಕೂಲಿ ಹೋಯ್ತು. ಇಷ್ಟಾಗಿ "ಸ್ಟಾಕ್ ಬಂದಿಲ್ಲ, ಮುಂದಿನ ವಾರ ನೋಡಿ" ಅಂದುಬಿಟ್ಟರೆ, ಅಜ್ಜ ಮತ್ತೆ ಅದೇ ಕತ್ತರಿಯ ಮುಂದೆ.

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆ ಆವರಣದಲ್ಲಿರೋ ಜನೌಷಧಿ ಕೇಂದ್ರಗಳನ್ನ, ಅಂದ್ರೆ ಕೇಂದ್ರದ ಯೋಜನೆಯಲ್ಲಿ ಕಡಿಮೆ ಬೆಲೆಗೆ ಮಾತ್ರೆ ಮಾರೋ ಅಂಗಡಿಗಳನ್ನ, ಮುಚ್ಚೋಕೆ ಆದೇಶ ಮಾಡ್ತು. ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವಾಗ ದುಡ್ಡಿನ ಅಂಗಡಿ ಯಾಕೆ ಅನ್ನೋದು ಅದರ ವಾದ. ವಿಷಯ ಹೈಕೋರ್ಟ್‌ವರೆಗೂ ಹೋಯ್ತು. ವಾದ ತತ್ವದಲ್ಲಿ ಸರಿ ಅಂತಲೇ ನನಗನ್ನಿಸುತ್ತೆ. ಆದರೆ ಮೊದಲು ಒಳಗಿನ ಕಪಾಟು ತುಂಬಿರಬೇಕು, ಆಮೇಲೆ ಹೊರಗಿನ ಬಾಗಿಲು ಮುಚ್ಚೋ ಮಾತು. ಒಳಗೆ ಸಿಗದ ದಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾತ್ರೆ ಸಿಗ್ತಿದ್ದ ಜಾಗ ಅದು. ಇದನ್ನ ರಾಜ್ಯ, ಕೇಂದ್ರದ ಜಗಳ ಮಾಡಿಕೊಂಡರೆ ನಷ್ಟ ಆಗೋದು ಚೀಟಿ ಹಿಡಿದು ನಿಂತವರಿಗೆ.

ಪಕ್ಕದ ಕೇರಳ ನೋಡಿ. ಅಲ್ಲಿ ವಯೋಮಿತ್ರಂ ಅಂತ ಯೋಜನೆ ಇದೆ. ನಗರಸಭೆ, ಪಾಲಿಕೆ ವ್ಯಾಪ್ತಿಯಲ್ಲಿ 65 ದಾಟಿದವರ ಹತ್ತಿರಕ್ಕೇ ಡಾಕ್ಟ್ರು ಇರೋ ವಾಹನ ಹೋಗುತ್ತೆ, ಮಾತ್ರೆ ಅಲ್ಲೇ ಕೈಗೆ ಕೊಡ್ತಾರೆ. ನಮ್ಮಲ್ಲೂ ಗೃಹ ಆರೋಗ್ಯ ಅಂತ ಕೋಲಾರದಲ್ಲಿ ಶುರುವಾಗಿ 2025ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಣೆ ಆಯ್ತು. ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡ್ತಾರೆ. ಬಹಳ ಒಳ್ಳೆ ಹೆಜ್ಜೆ. ನನ್ನ ಆಸೆ ಏನಂದ್ರೆ ಅದು ತಪಾಸಣೆಯ ಲೆಕ್ಕಕ್ಕೆ ನಿಲ್ಲಬಾರದು. ಕಾಯಿಲೆ ಇದೆ ಅಂತ ಹೇಳಿ ಹೋದವರು ಮಾತ್ರೆ ಹಿಡಿದು ತಿಂಗಳು ತಿಂಗಳು ಬರಬೇಕು. ಕಾಯಿಲೆ ಹಿಡಿತದಲ್ಲಿರೋ ಹಿರಿಯರಿಗೆ ಒಂದೇ ಸಲ ಎರಡು ತಿಂಗಳ ಮಾತ್ರೆ ಕೊಡಿ. ಪ್ರತಿ ಸಲ ಕಂಪನಿ ಬದಲಾಗಿ ಬಣ್ಣ ಬದಲಾದ್ರೆ, ಅದನ್ನ ಬಿಡಿಸಿ ಹೇಳೋಕೆ ಒಬ್ಬರು ಬೇಕು. ಇಲ್ಲಾಂದ್ರೆ ಹಳೇದು, ಹೊಸದು ಎರಡನ್ನೂ ನುಂಗಿ ಶುಗರ್ ಇಳಿದು ತಲೆಸುತ್ತಿ ಬೀಳೋದೂ ಉಂಟು. ಆಯುಷ್ಮಾನ್ ಕಾರ್ಡ್‌ನ 15 ದಿನ ಮುಗಿದ ತಕ್ಷಣ ಅದೇ ಮಾತ್ರೆ ಊರಿನ ಪಿಎಚ್‌ಸಿಗೆ ಬಂದು ಸೇರಲಿ. ಕೇಂದ್ರ, ರಾಜ್ಯ ಎರಡೂ ಕೂತು ಮಾತಾಡಿದ್ರೆ ಆಗದ ಕೆಲಸ ಅಲ್ಲ ಇದು.

ನಿಮ್ಮ ಮನೆಯ ಹಿರಿಯರು ಮಾತ್ರೆ ಇಲ್ಲ ಅಂತ ಬರಿಗೈಯಲ್ಲಿ ವಾಪಸ್ ಬಂದರೆ ಸುಮ್ಮನಿರಬೇಡಿ. ಯಾವ ಮಾತ್ರೆ, ಯಾವ ತಾರೀಕು ಅಂತ ಒಂದು ಹಾಳೆಯಲ್ಲಿ ಬರೆದು ವೈದ್ಯಾಧಿಕಾರಿಗೆ ಕೊಡಿ. ಆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ, ಅವರಿಗೂ ಒಂದು ಪ್ರತಿ ಕೊಡಿ. ಮುಂದಿನ ಗ್ರಾಮಸಭೆಯಲ್ಲಿ ಅದನ್ನ ಎದ್ದು ನಿಂತು ಓದಿ, ನಡಾವಳಿಯಲ್ಲಿ ಬರೆಸಿ.